ದಂತವೈದ್ಯರ ಮೆಟ್ಟಿಲಿನಿಂದ ಮೂರು ಸಲ ಹಿಂದಿರುಗಿದ್ದೇನೆ: ಮಂಪರು ಮದ್ದು ಕೊಟ್ಟು ಹಲ್ಲಿನ ಚಿಕಿತ್ಸೆ ಮಾಡುವುದು ನಮ್ಮ ಕಡೆ ಸಾಧ್ಯವೇ?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಪೇಟೆಯಿಂದ ಒಳಗಿನ ಹಳ್ಳಿ. ನನಗೆ 42 ವರ್ಷ. ಎಡಗಡೆ ಕೆಳಗಿನ ದವಡೆ ಹಲ್ಲು ಎರಡು ತಿಂಗಳಿನಿಂದ ಕಾಡುತ್ತಿದೆ. ಬಿಸಿ ಚಹಾ ಬಾಯಿಗಿಟ್ಟರೆ ಕಿವಿಯವರೆಗೆ ಸೆಳೆಯುತ್ತದೆ, ರಾತ್ರಿ ಮಲಗಿದರೆ ಇನ್ನೂ ಹೆಚ್ಚು. ಲವಂಗದ ಎಣ್ಣೆಯ ಹತ್ತಿ ಇಟ್ಟುಕೊಂಡು ದಿನ ದೂಡುತ್ತಿದ್ದೇನೆ. ಎಕ್ಸ್-ರೇ ನೋಡಿದವರು ರೂಟ್ ಕೆನಾಲ್ ಆಗಬೇಕು ಎಂದರು. ಆಮೇಲೆ ಮೂರು ಸಲ ಹೋದೆ, ಮೂರು ಸಲವೂ ಕ್ಲಿನಿಕ್ಕಿನ ಮೆಟ್ಟಿಲಿನಿಂದಲೇ ವಾಪಸು ಬಂದೆ. ಒಳಗಿನಿಂದ ಬರುವ ಆ ಯಂತ್ರದ ಸದ್ದು ಕೇಳಿದರೆ ಕೈಕಾಲು ತಣ್ಣಗಾಗುತ್ತದೆ.

ಕಾರಣ ನನಗೆ ಗೊತ್ತಿದೆ. ಹತ್ತು ವರ್ಷದವಳಿದ್ದಾಗ ಕೆನ್ನೆ ಊದಿಕೊಂಡು ಒಬ್ಬ ವೈದ್ಯರಲ್ಲಿಗೆ ಕರೆದೊಯ್ದಿದ್ದರು. ಇಂಜೆಕ್ಷನ್ ಕೊಟ್ಟು ಇಕ್ಕಳ ಹಾಕಿದರು. ನೋವು ನೋವು ಎಂದು ಕೂಗಿಕೊಂಡೆ. ‘ಮದ್ದು ಕೊಟ್ಟಾಗಿದೆ, ನೋವಾಗಲು ಸಾಧ್ಯವೇ ಇಲ್ಲ, ಸುಮ್ಮನೆ ಹಟ ಮಾಡುತ್ತಾಳೆ’ ಎಂದರು. ಅಪ್ಪ ಕೈ ಹಿಡಿದರು, ಇನ್ನೊಬ್ಬರು ತಲೆ ಹಿಡಿದರು. ಅಪ್ಪ ಈಗ ಇಲ್ಲ. ಆ ದಿನದ ವಿಷಯ ಅವರೊಡನೆ ಒಮ್ಮೆಯೂ ಮಾತನಾಡಲು ನನ್ನಿಂದ ಆಗಲಿಲ್ಲ.

ಈಗ ನಿದ್ದೆ ಬರಿಸಿ ಚಿಕಿತ್ಸೆ ಮಾಡುತ್ತಾರಂತೆ. ನಮ್ಮ ಜಿಲ್ಲೆಯಲ್ಲಿ ಇದೆಯೇ? ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕೇ? ಅಪಾಯವೇನಾದರೂ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಕೋಡಿಬಾಗದ ದಡ, ಕಾರವಾರ

ಅಕ್ಕಾ, ಮೊದಲು ಒಂದು ಮಾತು. ಮೂರು ಸಲ ಮೆಟ್ಟಿಲವರೆಗೆ ಹೋಗಿದ್ದೀರಿ. ನಾನು ಹದಿನಾಲ್ಕು ವರ್ಷ ಆ ಬೀದಿಗೇ ಹೋಗಿರಲಿಲ್ಲ.

ನನಗೆ ನೈಟ್ರಸ್ ಆಕ್ಸೈಡ್ ಎಂಬ ಗ್ಯಾಸ್ ಕೊಟ್ಟು ಎರಡು ಹಲ್ಲು ತೆಗೆದರು. ಗೋವಾದಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲಿಯೇ ಆಯಿತು. ಮೂಗಿಗೆ ಮಾತ್ರ ಕೂರುವ ಸಣ್ಣ ಮಾಸ್ಕ್. ಐದು ನಿಮಿಷದಲ್ಲಿ ಮೈ ಹಗುರವಾಯಿತು, ಬೆರಳ ತುದಿ ಜುಮ್ಮೆಂದಿತು. ದೋಣಿಯಲ್ಲಿ ಅಂಗಾತ ಮಲಗಿದ ಹಾಗೆ. ನಿದ್ದೆ ಬರಲಿಲ್ಲ. ಡಾಕ್ಟರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಲೇ ಇದ್ದೆ. ಹೆದರಿಕೆ ಎಲ್ಲಿಯೂ ಹೋಗಿರಲಿಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು ಎಂದು ಮಾತ್ರ ಅನ್ನಿಸಲಿಲ್ಲ. ಕೊನೆಗೆ ಐದು ನಿಮಿಷ ಬರಿಯ ಆಮ್ಲಜನಕ ಕೊಟ್ಟು ಎಬ್ಬಿಸಿದರು. ಅರ್ಧ ಗಂಟೆಯಲ್ಲಿ ತಲೆ ತಿಳಿಯಾಗಿತ್ತು.

ಹೆಗ್ಗಾರು ರಸ್ತೆ

ನಮ್ಮ ಅಜ್ಜಂದಿರು ದಾರ ಕಟ್ಟಿ ಹಲ್ಲು ಕೀಳುತ್ತಿದ್ದರು. ಅವರಿಗೆ ಗ್ಯಾಸ್ ಯಾರು ಕೊಟ್ಟಿದ್ದರು? ಮನಸ್ಸು ಗಟ್ಟಿ ಮಾಡಿಕೊಳ್ಳಿ ತಂಗಿ, ಹತ್ತು ನಿಮಿಷದ ಕೆಲಸ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ತೋಟದಮನೆ, ಶಿರಸಿ

ಅಣ್ಣಾ, ಎರಡು ಹೆರಿಗೆ ಆಗಿದೆ ನನಗೆ. ಒಮ್ಮೆ ಕಣಜದ ಹುಳುಗಳು ಮುತ್ತಿ ಕಚ್ಚಿದಾಗ ಆಸ್ಪತ್ರೆಗೆ ಒಬ್ಬಳೇ ನಡೆದು ಹೋಗಿದ್ದೇನೆ. ಮನಸ್ಸು ಗಟ್ಟಿಯಿಲ್ಲದವಳಲ್ಲ. ಈ ಒಂದು ಕುರ್ಚಿಯಲ್ಲಿ ಮಾತ್ರ ನನ್ನ ಮೈ ನನ್ನ ಮಾತು ಕೇಳುವುದಿಲ್ಲ.

ದಂತವೈದ್ಯೆ, ಕುಮಟಾ

ತೋಟದಮನೆಯವರಿಗೆ ನಮಸ್ಕಾರ. ಹತ್ತೊಂಬತ್ತು ವರ್ಷಗಳಿಂದ ಹಲ್ಲಿನ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ಆ ಹತ್ತು ವರ್ಷದ ಹುಡುಗಿಗೆ ಒಂದು ಉತ್ತರ ಸಲ್ಲಬೇಕಿದೆ.

ಇಂಜೆಕ್ಷನ್ ಕೊಟ್ಟ ಮೇಲೆ ನೋವಾಗಲು ಸಾಧ್ಯವೇ ಇಲ್ಲ ಎಂದು ನಿಮಗೆ ಹೇಳಿದರಲ್ಲ, ಅದು ತಪ್ಪು. ಸಾಧ್ಯವಿದೆ, ಅದಕ್ಕೆ ಕಾರಣವೂ ಗೊತ್ತಿದೆ. ಮರಗಟ್ಟಿಸಲು ನಾವು ಬಳಸುವ ಲಿಗ್ನೋಕೇನ್ ಮದ್ದು ನರದ ಹೊದಿಕೆಯನ್ನು ದಾಟಿ ಒಳಗೆ ಇಳಿದರೆ ಮಾತ್ರ ಕೆಲಸ ಮಾಡುತ್ತದೆ. ಕೀವು ತುಂಬಿ ಊದಿದ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಿರುತ್ತದೆ. ಅಲ್ಲಿ ಮದ್ದಿನ ಬಹುಪಾಲು ನರದೊಳಗೆ ಇಳಿಯಲಾಗದ ರೂಪಕ್ಕೆ ತಿರುಗಿ ಹೊರಗೇ ಉಳಿಯುತ್ತದೆ. ನಿಮ್ಮ ಕೆನ್ನೆ ಊದಿತ್ತು ಎಂದಿರಿ. ಅಂದು ನಿಮಗೆ ನೋವಾಗಿದ್ದು ನಿಜ. ನೀವು ಹಟ ಮಾಡಲಿಲ್ಲ.

ಈಗ ಚಿಕಿತ್ಸೆಯ ವಿಷಯ. ನೋವು ತೆಗೆಯುವುದು ಬೇರೆ, ಭಯ ತೆಗೆಯುವುದು ಬೇರೆ. ಜನ ಇವೆರಡನ್ನೂ ಒಂದೇ ಎಂದುಕೊಂಡು ‘ನಿದ್ದೆ ಬರಿಸಿ’ ಎನ್ನುತ್ತಾರೆ. ಮಂಪರು ಮದ್ದು ಕೊಟ್ಟರೂ ಮರಗಟ್ಟಿಸುವ ಇಂಜೆಕ್ಷನ್ ಬೇಕೇ ಬೇಕು. ಆದ್ದರಿಂದ ಹಲ್ಲು ಸರಿಯಾಗಿ ಮರಗಟ್ಟುವಂತೆ ನೋಡಿಕೊಳ್ಳುವುದೇ ಮೊದಲ ಕೆಲಸ. ಕೆಳಗಿನ ದವಡೆ ಹಲ್ಲು ಇದರಲ್ಲಿ ಕಷ್ಟದ್ದು. ದವಡೆಯ ಹಿಂಭಾಗದಲ್ಲಿ ನರದ ಬುಡಕ್ಕೇ ಮದ್ದು ಕೊಡಬೇಕಾಗುತ್ತದೆ. ತುಟಿ ಐದು ನಿಮಿಷಕ್ಕೆ ಜೋಮು ಹಿಡಿದರೂ ಹಲ್ಲಿನ ಒಳಗಿನ ನರ ಅಷ್ಟರಲ್ಲಿ ಸುಮ್ಮನಾಗಿರಬೇಕೆಂದಿಲ್ಲ, ಹತ್ತು ಹದಿನೈದು ನಿಮಿಷ ಕಾಯಬೇಕಾಗಬಹುದು. ನಿಮ್ಮದರಂತೆ ಬಿಸಿಗೆ ಸೆಳೆಯುವ, ರಾತ್ರಿ ಹೆಚ್ಚುವ ನೋವಿದ್ದರೆ ಒಳಗಿನ ನರ ಕೆರಳಿರುತ್ತದೆ, ಒಂದೇ ಇಂಜೆಕ್ಷನ್ ಹಲವರಿಗೆ ಸಾಲುವುದಿಲ್ಲ. ಡ್ರಿಲ್ ಮುಟ್ಟಿಸುವ ಮೊದಲು ತಣ್ಣನೆಯ ಸ್ಪ್ರೇ ಹಾಕಿದ ಹತ್ತಿಯನ್ನು ಹಲ್ಲಿಗೆ ತಾಗಿಸಿ ನೋಡಿ ಎಂದು ನೀವೇ ಕೇಳಿ. ಥಂಡಿ ತಿಳಿದರೆ ಇನ್ನೂ ಮರಗಟ್ಟಿಲ್ಲ ಎಂದರ್ಥ. ಆಗ ಹಲ್ಲಿನ ಬುಡಕ್ಕೆ, ಎಲುಬಿಗೂ ಹಲ್ಲಿಗೂ ನಡುವೆ, ಇನ್ನೊಂದು ಸಣ್ಣ ಇಂಜೆಕ್ಷನ್ ಕೊಡುತ್ತೇವೆ. ಸೂಜಿಗೇ ಹೆದರುವವರಿಗೆ ಮೊದಲು ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಡುತ್ತೇವೆ. ಮದ್ದನ್ನು ನಿಧಾನವಾಗಿ ತಳ್ಳಿದರೆ ಅರ್ಧ ನೋವು ಅಲ್ಲಿಯೇ ಕಡಿಮೆಯಾಗುತ್ತದೆ.

ಇನ್ನೊಂದು ಸಂಗತಿ. ಆ ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಅಡ್ರಿನಲಿನ್ ಸ್ವಲ್ಪ ಬೆರೆತಿರುತ್ತದೆ. ಕೊಟ್ಟ ಕೂಡಲೇ ಕೆಲವರಿಗೆ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಇದು ತಿಳಿಯದೆ ‘ನನಗೆ ಆ ಮದ್ದು ಆಗುವುದಿಲ್ಲ’ ಎಂದು ಜೀವನವಿಡೀ ನಂಬಿಕೊಂಡವರನ್ನು ನೋಡಿದ್ದೇನೆ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಮೊದಲೇ ಹೇಳಲೇಬೇಕು.

ಇಷ್ಟಾದ ಮೇಲೂ ಭಯ ಹಿಡಿದು ನಿಲ್ಲಿಸುತ್ತದೆ ಎಂದಾದರೆ ನಾಲ್ಕು ದಾರಿಗಳಿವೆ. ಕಾರವಾರದವರು ಹೇಳಿದ ಮೂಗಿನ ಗ್ಯಾಸ್. ಚಿಕಿತ್ಸೆಗೆ ಮುಂಚೆ ವೈದ್ಯರು ಬರೆದುಕೊಟ್ಟು ನುಂಗಿಸುವ ಮಾತ್ರೆ. ಕೈಯ ರಕ್ತನಾಳಕ್ಕೆ ಕೊಡುವ ಮಂಪರು, ಅದಕ್ಕೆ ಸಾಮಾನ್ಯವಾಗಿ ಮಿಡಜೋಲಮ್ ಬಳಸುತ್ತಾರೆ. ಕೊನೆಯದಾಗಿ ಆಸ್ಪತ್ರೆಯಲ್ಲಿ ಪೂರ್ತಿ ಅರಿವಳಿಕೆ. ಮೊದಲ ಮೂರರಲ್ಲಿ ನೀವು ಉಸಿರಾಡುತ್ತಿರುತ್ತೀರಿ, ಕರೆದರೆ ಓಗೊಡುತ್ತೀರಿ. ರಕ್ತನಾಳದ ಮದ್ದು ಪಡೆದವರಿಗೆ ನಡೆದದ್ದು ಬಹುತೇಕ ನೆನಪಿರುವುದಿಲ್ಲ, ಅದಕ್ಕೇ ನಿದ್ದೆ ಮಾಡಿದ್ದೆ ಎನ್ನುತ್ತಾರೆ.

ಒಂದು ಹಲ್ಲಿನ ರೂಟ್ ಕೆನಾಲ್‌ಗೆ ಪೂರ್ತಿ ಅರಿವಳಿಕೆ ಬೇಕಾಗುವುದು ಬಹಳ ಅಪರೂಪ. ನಿಮಗೆ ಗ್ಯಾಸ್ ಅಥವಾ ಮಾತ್ರೆ ಸಾಕಾಗಬಹುದು ಎಂಬುದು ನನ್ನ ಅಂದಾಜು. ನಿಮ್ಮನ್ನು ನೋಡದೆ ಅದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ.

ಅಂಕೋಲೆಯ ನಿವೃತ್ತ ಅಕ್ಕೋರು

ಮಕ್ಕಳೇ, ವಿಜ್ಞಾನ ಕಲಿಸಿದವಳು ನಾನು, ಒಂದು ಕಥೆ ಹೇಳಿಬಿಡುತ್ತೇನೆ. ಶಸ್ತ್ರಚಿಕಿತ್ಸೆಯ ನೋವು ಕಳೆಯುವ ದಾರಿ ಜಗತ್ತಿಗೆ ತೆರೆದದ್ದೇ ಹಲ್ಲಿನ ವೈದ್ಯರಿಂದ. 1844ರ ಡಿಸೆಂಬರ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನಗೆಗಾಳಿಯ, ಅಂದರೆ ಇದೇ ನೈಟ್ರಸ್ ಆಕ್ಸೈಡ್‌ನ, ಪ್ರದರ್ಶನಕ್ಕೆ ಹೋಗಿದ್ದ. ಆ ಗಾಳಿ ಸೇವಿಸಿದವನೊಬ್ಬ ಕಾಲಿಗೆ ಪೆಟ್ಟು ಮಾಡಿಕೊಂಡರೂ ಅವನಿಗೆ ಅದರ ಪರಿವೆಯೇ ಇರಲಿಲ್ಲ. ಅದನ್ನು ಕಂಡ ವೆಲ್ಸ್ ಮರುದಿನವೇ ತಾನು ಆ ಗಾಳಿ ಸೇವಿಸಿ ತನ್ನದೇ ದವಡೆ ಹಲ್ಲು ಕೀಳಿಸಿಕೊಂಡ. ಬೇರೆಯವರ ಬಾಯಿಗೆ ಕೈ ಹಾಕುವ ಮೊದಲು ತಾನೇ ಕುರ್ಚಿಯಲ್ಲಿ ಕುಳಿತ ಮನುಷ್ಯ. ಮರುವರ್ಷ ಬೋಸ್ಟನ್ನಿನಲ್ಲಿ ಎಲ್ಲರೆದುರು ತೋರಿಸಲು ಹೋದಾಗ ರೋಗಿ ಕೂಗಿಕೊಂಡ, ಸೇರಿದವರು ವೆಲ್ಸ್‌ನನ್ನು ಹೀಯಾಳಿಸಿದರು. 1846ರ ಅಕ್ಟೋಬರ್‌ನಲ್ಲಿ ಅದೇ ಬೋಸ್ಟನ್ನಿನಲ್ಲಿ ಈಥರ್ ಎಂಬ ಅರಿವಳಿಕೆ ಮದ್ದು ಬಳಸಿ ಗೆದ್ದ ಮಾರ್ಟನ್ ಕೂಡ ದಂತವೈದ್ಯನೇ. ದಾರ ಕಟ್ಟಿ ಕೀಳುತ್ತಿದ್ದ ಅಜ್ಜಂದಿರ ಮಾತು ಬಂತಲ್ಲ, ಅವರಿಗೂ ನೋಯುತ್ತಿತ್ತು. ಬೇರೆ ದಾರಿ ಇರಲಿಲ್ಲ, ಅಷ್ಟೇ.

ಬನವಾಸಿ ರಸ್ತೆ

ಅಕ್ಕಾ, ಇಷ್ಟೆಲ್ಲ ಯಾಕೆ? ನಮ್ಮ ಯಜಮಾನರಿಗೆ ನಿದ್ದೆ ಬರುವುದಿಲ್ಲವೆಂದು ಬರೆದುಕೊಟ್ಟ ಮಾತ್ರೆ ಮನೆಯಲ್ಲಿತ್ತು. ಅರ್ಧ ನುಂಗಿ ಹೋದೆ, ಏನೂ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಒಬ್ಬಳೇ ಮನೆಗೆ ಬಂದೆ. ನಿಮಗೂ ಹಾಗೆಯೇ ಆಗುತ್ತದೆ.

ಯಲ್ಲಾಪುರದವಳು, ಹುಬ್ಬಳ್ಳಿ

ಬನವಾಸಿ ರಸ್ತೆಯವರೇ, ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ನಾನು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅರಿವಳಿಕೆ ತಜ್ಞರ ಜೊತೆ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಆಲ್‌ಪ್ರಜೋಲಮ್, ಡಯಾಜಿಪಮ್‌ನಂತಹ ಮಾತ್ರೆಗಳು ನಮ್ಮ ದೇಶದಲ್ಲಿ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಔಷಧ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಅದಕ್ಕೆ ಕಾರಣವಿದೆ. ಒಬ್ಬರಿಗೆ ಸರಿಹೋದ ಪ್ರಮಾಣ ಇನ್ನೊಬ್ಬರ ಉಸಿರನ್ನು ನಿಧಾನ ಮಾಡಬಹುದು. ವಯಸ್ಸಾದವರು, ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು, ಯಕೃತ್ತಿನ ತೊಂದರೆ ಇರುವವರು, ಮದ್ಯ ಅಥವಾ ಬೇರೆ ನಿದ್ದೆ ಮಾತ್ರೆ ತೆಗೆದುಕೊಂಡವರು, ಇವರಿಗೆಲ್ಲ ಅಪಾಯ ಹೆಚ್ಚು. ನೀವು ಮಾತ್ರೆ ನುಂಗಿದ್ದು ಆ ದಂತವೈದ್ಯರಿಗೆ ಗೊತ್ತಿರಲೇ ಇಲ್ಲ ಎಂಬುದು ನನ್ನನ್ನು ಹೆಚ್ಚು ಹೆದರಿಸುತ್ತದೆ.

ಒಬ್ಬರೇ ಬಸ್ಸಿನಲ್ಲಿ ಬಂದೆ ಎಂದಿರಿ. ನಿದ್ದೆಗಣ್ಣಿನಲ್ಲಿ ತಪ್ಪು ನಿಲ್ದಾಣದಲ್ಲಿ ಇಳಿದಿದ್ದರೆ?

ಎಲ್ಲಿಯೇ ಮಂಪರು ಮದ್ದು ತೆಗೆದುಕೊಳ್ಳಿ, ಇದನ್ನು ಕೇಳಿ: ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕುತ್ತೀರಾ? ಆಮ್ಲಜನಕದ ಸಿಲಿಂಡರ್ ಕೈಗೆಟಕುವಲ್ಲಿದೆಯೇ? ಹಲ್ಲಿನ ಕೆಲಸ ಮಾಡುವವರು ಹಲ್ಲನ್ನು ನೋಡುತ್ತಿರುವಾಗ ನನ್ನ ಉಸಿರನ್ನು ನೋಡುವವರು ಯಾರು? ರಕ್ತನಾಳದ ಮಂಪರು ಎಂದಾದರೆ ಅರಿವಳಿಕೆ ತಜ್ಞರು ಬರುತ್ತಾರೆಯೇ, ಮಿಡಜೋಲಮ್ ಹೆಚ್ಚಾದರೆ ಅದನ್ನು ಇಳಿಸುವ ಫ್ಲೂಮಜೆನಿಲ್ ಇಟ್ಟಿದ್ದೀರಾ? ಈ ಪ್ರಶ್ನೆಗಳಿಗೆ ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ, ಸಮಾಧಾನದಿಂದ ತೋರಿಸುತ್ತಾರೆ. ಸಿಟ್ಟಾದರೆ ಅಲ್ಲಿಂದ ಎದ್ದು ಬನ್ನಿ.

ರಕ್ತನಾಳದ ಮಂಪರಿಗೂ ಪೂರ್ತಿ ಅರಿವಳಿಕೆಗೂ ಸಾಮಾನ್ಯವಾಗಿ ಆರು ಗಂಟೆ ಊಟ ತಿಂಡಿ ಬಿಟ್ಟಿರಬೇಕು, ಬರಿಯ ನೀರನ್ನು ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕಡೆಯವರು ಇದನ್ನು ಮರೆತು ಚಹಾ ಕುಡಿದು ಬಂದು ದಿನ ಮುಂದೂಡಿಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಾತ್ರೆ ಅಥವಾ ರಕ್ತನಾಳದ ಮದ್ದು ಪಡೆದ ಮೇಲೆ ಇಪ್ಪತ್ತನಾಲ್ಕು ಗಂಟೆ ವಾಹನ ಓಡಿಸಬೇಡಿ, ಒಲೆಯ ಮುಂದೆ ಒಬ್ಬರೇ ನಿಲ್ಲಬೇಡಿ, ಕಾಗದಪತ್ರಕ್ಕೆ ಸಹಿ ಹಾಕಬೇಡಿ.

ಬನವಾಸಿ ರಸ್ತೆ

ಇಷ್ಟು ಗೊತ್ತಿರಲಿಲ್ಲ. ನಮ್ಮ ಯಜಮಾನರು ಗೊರಕೆಯವರೇ, ಈ ಮಾತನ್ನು ಅವರ ಡಾಕ್ಟರಿಗೂ ಹೇಳುತ್ತೇನೆ. ಅಕ್ಕಾ, ನನ್ನ ಮಾತು ತಲೆಯಿಂದ ತೆಗೆದುಹಾಕಿ.

ಶರಾವತಿ ತೀರ, ಹೊನ್ನಾವರ

ಪೂರ್ತಿ ಅರಿವಳಿಕೆಯ ಬಗ್ಗೆ ನನ್ನ ಅನುಭವ. ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಹಲ್ಲುಜ್ಜಲು ಬಿಡುವುದೇ ಕಷ್ಟ. ಏಳು ಹಲ್ಲು ಹುಳುಕಾಗಿದ್ದವು. ಇಲ್ಲಿ ಒಬ್ಬರು ಬಟ್ಟೆಯಲ್ಲಿ ಸುತ್ತಿ ಹಿಡಿದು ಮಾಡೋಣ ಎಂದರು. ತಾಯಿಯಾಗಿ ಆ ಮಾತು ಕೇಳಿಸಿಕೊಂಡು ಕೂರಲು ಆಗಲಿಲ್ಲ, ಮಗನನ್ನು ಎತ್ತಿಕೊಂಡು ಹೊರಗೆ ಬಂದೆ. ಆಮೇಲೆ ಮಣಿಪಾಲಕ್ಕೆ ಹೋದೆವು. ರಕ್ತಪರೀಕ್ಷೆ, ಮಕ್ಕಳ ವೈದ್ಯರ ಒಪ್ಪಿಗೆ, ಅರಿವಳಿಕೆ ತಜ್ಞರ ತಪಾಸಣೆ, ಹೀಗೆ ಮೂರು ಸಲ ಓಡಾಟವಾಯಿತು. ಒಂದೇ ಬೆಳಗ್ಗೆ ಏಳು ಹಲ್ಲುಗಳ ಕೆಲಸವೂ ಮುಗಿಯಿತು. ಎಚ್ಚರವಾದಾಗ ಒಂದು ಗಂಟೆ ಅತ್ತ, ಸಂಜೆ ಗಂಜಿ ಕುಡಿದ. ಎಲ್ಲ ಮಕ್ಕಳಿಗೂ ಇದು ಬೇಡ, ನನ್ನ ಮಗನಂಥವರಿಗೆ ಇದೇ ಸರಿಯಾದ ದಾರಿ. ನಮ್ಮ ಜಿಲ್ಲೆಯಲ್ಲಿ ದಂತ ವೈದ್ಯಕೀಯ ಕಾಲೇಜು ಇಲ್ಲ. ಇದಕ್ಕಾಗಿ ಮಗುವನ್ನು ಹೊತ್ತು ಉಡುಪಿ ದಾರಿ ಹಿಡಿಯಬೇಕಲ್ಲ ಎಂಬ ಸಂಕಟ ಮಾತ್ರ ಈಗಲೂ ಇದೆ.

ಕೊನೆಗೌಡ, ಸಿದ್ದಾಪುರ

ಕವಳ ಹಾಕುವವರಿಗೆ ಒಂದು ಎಚ್ಚರಿಕೆ. ಮೂವತ್ತು ವರ್ಷ ಅಡಿಕೆ, ಸುಣ್ಣ, ತಂಬಾಕು ಹಾಕಿದ್ದೇನೆ. ಬುದ್ಧಿ ಹಲ್ಲು ತೆಗೆಸಲು ಹೋದರೆ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಕೆನ್ನೆಯ ಒಳಭಾಗ ನಾರುಗಟ್ಟಿ ಬಿಗಿದಿದೆ, ಅಡಿಕೆಯಿಂದ ಬರುವ ಕಾಯಿಲೆ ಇದು, ಮುಂದೆ ಕ್ಯಾನ್ಸರ್ ಆಗುವ ಸಂಭವವೂ ಇದೆ ಎಂದರು. ನಾನು ಮಂಪರು ಕೇಳಿದಾಗ ಅರಿವಳಿಕೆ ತಜ್ಞರು ಬಹಳ ಯೋಚಿಸಿದರು. ಉಸಿರಿಗೆ ತೊಂದರೆಯಾದರೆ ಬಾಯಿಯ ಮೂಲಕ ನಳಿಕೆ ಹಾಕುವುದೇ ಕಷ್ಟವಲ್ಲವೇ? ಕಡೆಗೆ ಬರಿಯ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿಯೇ ದೊಡ್ಡ ಆಸ್ಪತ್ರೆಯಲ್ಲಿ ಮಾಡಿದರು. ತೋಟ ನಮ್ಮ ಅನ್ನ, ಅಡಿಕೆಯನ್ನು ನಾನು ಬೈಯಲಾರೆ. ಬಾಯಿಗೆ ಹಾಕುವುದನ್ನು ಮಾತ್ರ ಬಿಟ್ಟಿದ್ದೇನೆ.

ತೋಟದಮನೆ, ಶಿರಸಿ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಡಾಕ್ಟರೇ, ‘ನೀವು ಹಟ ಮಾಡಲಿಲ್ಲ’ ಎಂಬ ಸಾಲನ್ನು ಓದಿ ಅಡುಗೆಮನೆಯಲ್ಲಿ ಕುಳಿತು ಅತ್ತೆ. ಮೂವತ್ತೆರಡು ವರ್ಷಗಳ ಮೇಲೆ ಒಬ್ಬರು ಆ ಮಾತು ಹೇಳಿದಿರಿ. ಅಪ್ಪನಿಗೂ ಅವರು ಸುಳ್ಳನ್ನೇ ಹೇಳಿದ್ದರು, ಅದನ್ನು ನಂಬಿ ನನ್ನ ಕೈ ಹಿಡಿದರು ಎಂದು ಈಗ ಅನ್ನಿಸುತ್ತಿದೆ.

ಒಂದು ಪ್ರಶ್ನೆ. ನಾವು ಸಸ್ಯಾಹಾರಿಗಳು. ಹೋದ ವರ್ಷ ಕಾಲು ಜೋಮು ಹಿಡಿಯುತ್ತದೆಂದು ಪರೀಕ್ಷೆ ಮಾಡಿಸಿದಾಗ ಬಿ12 ಬಹಳ ಕಡಿಮೆಯಿತ್ತು. ಮಾತ್ರೆ ಕೆಲವು ತಿಂಗಳು ತೆಗೆದುಕೊಂಡು ಬಿಟ್ಟೆ. ಇದಕ್ಕೂ ಗ್ಯಾಸ್‌ಗೂ ಸಂಬಂಧವಿದೆಯೇ?

ದಂತವೈದ್ಯೆ, ಕುಮಟಾ

ಇದೆ, ಕೇಳಿದ್ದು ಬಹಳ ಒಳ್ಳೆಯದಾಯಿತು. ನೈಟ್ರಸ್ ಆಕ್ಸೈಡ್ ದೇಹದಲ್ಲಿರುವ ಬಿ12 ಅನ್ನು ನಿಷ್ಕ್ರಿಯಗೊಳಿಸುತ್ತದೆ. ಆರೋಗ್ಯವಂತರು ಒಮ್ಮೆ ಅರ್ಧ ಗಂಟೆ ಸೇವಿಸಿದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಮೊದಲೇ ಕೊರತೆಯಿದ್ದು ಕಾಲು ಜೋಮಿನಂತಹ ಲಕ್ಷಣವೂ ಇದ್ದವರಿಗೆ ನಾನು ಕೊಡುವುದಿಲ್ಲ. ಗರ್ಭಿಣಿಯರಿಗೆ, ಅದರಲ್ಲಿಯೂ ಮೊದಲ ಮೂರು ತಿಂಗಳು, ಕೊಡುವುದಿಲ್ಲ. ಇತ್ತೀಚೆಗೆ ಕಣ್ಣಿನ ಒಳಗೆ ಗ್ಯಾಸ್ ತುಂಬಿಸಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಕೊಡುವಂತಿಲ್ಲ. ಮೂಗು ಕಟ್ಟಿದವರಿಗೆ ಅದು ಒಳಗೇ ಹೋಗುವುದಿಲ್ಲ. ನಿಮ್ಮ ವೈದ್ಯರಲ್ಲಿ ಬಿ12 ಮತ್ತೆ ನೋಡಿಸಿ, ಆ ಚೀಟಿಯನ್ನು ಹಿಡಿದು ದಂತವೈದ್ಯರಲ್ಲಿಗೆ ಹೋಗಿ.

ಇನ್ನೊಂದನ್ನು ಎಲ್ಲರಿಗೂ ಹೇಳಬೇಕು. ಕೆಳದವಡೆ ಊದಿ ಕುತ್ತಿಗೆಗೆ ಇಳಿದರೆ, ಜ್ವರ ಬಂದು ಬಾಯಿ ತೆರೆಯಲಾಗದಿದ್ದರೆ, ಉಗುಳು ನುಂಗಲು ಕಷ್ಟವಾದರೆ, ನಾಲಿಗೆ ಮೇಲೆ ದೂಡಿದ ಹಾಗಾದರೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೊರಡಿ. ಕೀವು ಉಸಿರಿನ ದಾರಿಯನ್ನೇ ಒತ್ತುತ್ತದೆ. ಮಳೆಗಾಲದಲ್ಲಿ ನಮ್ಮ ಘಟ್ಟದ ರಸ್ತೆಗಳು ಯಾವಾಗ ಮುಚ್ಚುತ್ತವೆಯೋ ಹೇಳಲಾಗದು, ಬೆಳಗಾಗಲಿ ಎಂದು ಕಾಯಬೇಡಿ.

ತೋಟದಮನೆ, ಶಿರಸಿ (ಹದಿಮೂರು ದಿನಗಳ ನಂತರ)

ಆಯಿತು. ಮೊದಲ ಭಾಗ ಆಯಿತು.

ಬಿ12 ಇನ್ನೂ ಕಡಿಮೆಯೇ ಇತ್ತು, ಇಂಜೆಕ್ಷನ್ ಶುರು ಮಾಡಿದ್ದಾರೆ. ಹಾಗಾಗಿ ಗ್ಯಾಸ್ ಬೇಡವೆಂದಾಯಿತು. ಶಿರಸಿಯಲ್ಲಿಯೇ ಇನ್ನೊಬ್ಬ ದಂತವೈದ್ಯರನ್ನು ಹುಡುಕಿ ಎಲ್ಲವನ್ನೂ ಹೇಳಿದೆ. ನನ್ನ ವೈದ್ಯರ ಜೊತೆ ಅವರೇ ಫೋನಿನಲ್ಲಿ ಮಾತನಾಡಿ ಒಂದು ಮಾತ್ರೆ ಬರೆದುಕೊಟ್ಟರು. ಅದನ್ನು ಕ್ಲಿನಿಕ್ಕಿನಲ್ಲಿಯೇ ನುಂಗಿಸಿ ಒಂದು ಗಂಟೆ ಕೂರಿಸಿದರು. ಬೆರಳಿಗೆ ಕ್ಲಿಪ್ ಹಾಕಿದರು, ಸಹಾಯಕಿ ಪಕ್ಕದಲ್ಲಿಯೇ ನಿಂತು ಅದನ್ನು ನೋಡುತ್ತಿದ್ದರು. ನಮ್ಮವರು ಹೊರಗೆ ಕಾದಿದ್ದರು.

ಇಂಜೆಕ್ಷನ್ ಆದ ಮೇಲೆ ಎದೆ ಹೊಡೆದುಕೊಂಡಿತು. ಅಡ್ರಿನಲಿನ್ ಎಂದು ಮೊದಲೇ ತಿಳಿದಿದ್ದರಿಂದ ಮನಸ್ಸಿನಲ್ಲಿಯೇ ಎಣಿಸುತ್ತಾ ಮಲಗಿದೆ, ನೂರು ದಾಟುವ ಹೊತ್ತಿಗೆ ಇಳಿದಿತ್ತು. ಥಂಡಿ ಹತ್ತಿ ಇಟ್ಟು ನೋಡಿದರು, ಚುಳಕ್ ಎಂದಿತು. ಇನ್ನೊಂದು ಕೊಟ್ಟರು. ಮತ್ತೆ ನೋಡಿದರು. ಏನೂ ತಿಳಿಯಲಿಲ್ಲ. ಆಮೇಲೆಯೇ ಡ್ರಿಲ್ ತೆಗೆದದ್ದು.

ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ ಎಂದಿದ್ದರು. ಒಮ್ಮೆ ಎತ್ತಿದೆ, ನಿಲ್ಲಿಸಿದರು. ಇನ್ನೊಮ್ಮೆ ಎತ್ತಿದ್ದು ನಿಜವಾಗಿಯೂ ನಿಲ್ಲಿಸುತ್ತಾರೋ ಎಂದು ನೋಡುವುದಕ್ಕೆ. ಆಗಲೂ ನಿಲ್ಲಿಸಿದರು. ಮೂರನೆಯ ಸಲ ಎತ್ತಬೇಕೆನ್ನಿಸಲಿಲ್ಲ.

ಮಧ್ಯಾಹ್ನವೆಲ್ಲ ಮಲಗಿದೆ. ರಾತ್ರಿ ನಮ್ಮವರೇ ಅನ್ನ ತಂಬುಳಿ ಮಾಡಿದರು. ಮುಂದಿನ ವಾರ ಎರಡನೆಯ ಭಾಗ ಇದೆ.

ಅವರ್ಸಾ ಕಡೆಯವನು

ಅಕ್ಕಾ, ಇಷ್ಟು ದಿನ ಓದುತ್ತಿದ್ದೆ, ಬರೆಯಲು ಧೈರ್ಯವಾಗಿರಲಿಲ್ಲ. ನಾನೂ ಹದಿನೈದು ವರ್ಷಗಳಿಂದ ಹೋಗಿಲ್ಲ. ಆ ಡಾಕ್ಟರಿಗೆ ಮೊದಲು ಫೋನ್ ಮಾಡಿದಾಗ ಏನೆಂದು ಶುರು ಮಾಡಿದಿರಿ? ನನಗೆ ಆ ಮೊದಲ ವಾಕ್ಯವೇ ಬರುವುದಿಲ್ಲ.

ತೋಟದಮನೆ, ಶಿರಸಿ

ತಮ್ಮಾ, ನಾನು ಕಾಗದದಲ್ಲಿ ಬರೆದಿಟ್ಟುಕೊಂಡು ಓದಿದೆ. ‘ನನಗೆ ಹಲ್ಲಿನ ಚಿಕಿತ್ಸೆ ಎಂದರೆ ತುಂಬ ಭಯ. ಮೊದಲ ದಿನ ಮಾತನಾಡಲು ಮಾತ್ರ ಬರುತ್ತೇನೆ, ಆ ಕುರ್ಚಿಯಲ್ಲಿ ಕೂರುವುದಿಲ್ಲ, ಆಗಬಹುದೇ?’ ಎಂದೆ. ಮಧ್ಯಾಹ್ನ ಎರಡೂವರೆಗೆ ಬನ್ನಿ, ಆಗ ಯಂತ್ರ ಓಡುತ್ತಿರುವುದಿಲ್ಲ ಎಂದರು.